ಅರ್ಧ ದಿನದ ನೌಕರಿ, ಅರ್ಧ ಬರೆದ ಹೆಂಡತಿ

ಅರ್ಧ ದಿನದ ನೌಕರಿ ಮಾಡುವವನಿಗೆ ಉಳಿದ ಅರ್ಧ ದಿನ ತನ್ನದು ಎಂಬ ಭ್ರಮೆ ಇರುತ್ತದೆ. ಊರಿಗೆ ಆ ಭ್ರಮೆ ಇರುವುದಿಲ್ಲ. ಹೀಗಾಗಿ ಅಂಥವನಿಗೆ ಇಂಥ ಪ್ರಸಂಗಗಳು ತಪ್ಪುವುದಿಲ್ಲ.

ನಿಜಾಮರ ಆಳ್ವಿಕೆಯ ಕೊನೆಯ ಒಂದೆರಡು ವರ್ಷ ನಾನು ಆಳಂದದಲ್ಲಿದ್ದೆ. ಗಡಿಯ ಕಡೆ ಹೋಗುವ ರಸ್ತೆಯ ಒಂದು ಸುಂಕದ ನಾಕಾದಲ್ಲಿ ಮುನ್ಶಿ. ಸೊಲ್ಲಾಪುರದಿಂದ ಬರುವ ಸಾಮಾನಿನ ಪಟ್ಟಿಯನ್ನು ಉರ್ದುವಿನಲ್ಲಿ ಬರೆಯುವುದು ಕೆಲಸ, ಬೆಳಿಗ್ಗೆಯಿಂದ ಮಧ್ಯಾಹ್ನದವರೆಗೆ. ಆಮೇಲೆ ಮನೆಯಲ್ಲಿ ಕುಳಿತು ಬಟ್ಟೆಯ ಮೇಲೆ ಒಂದು ಚಿತ್ರ ಬರೆಯುತ್ತಿದ್ದೆ. ಅದು ನನ್ನ ಹೆಂಡತಿಯದು. ಮದುವೆಯಾಗಿ ನಾಲ್ಕು ವರ್ಷಕ್ಕೆ ತೀರಿಕೊಂಡಿದ್ದಳು. ಫೋಟೋ ಒಂದೂ ಇರಲಿಲ್ಲ. ಮುಖ ಮರೆಯುವುದರೊಳಗೆ ಬರೆದು ಮುಗಿಸಬೇಕು ಎಂಬುದಷ್ಟೇ ನನ್ನ ಆಸೆ. ಮರೆವು ನನಗಿಂತ ಚುರುಕಾಗಿ ಕೆಲಸ ಮಾಡುತ್ತಿತ್ತು.

೧. ಕೊಂಬು

ಕಾರಹುಣ್ಣಿಮೆಯ ಮುನ್ನಾದಿನ ಪಕ್ಕದ ಮನೆಯ ಗೌಡರು ಎರಡು ಎತ್ತು ಹಿಡಿದುಕೊಂಡು ಬಂದು ನನ್ನ ಬಾಗಿಲಲ್ಲಿ ನಿಂತರು. ಕೊಂಬಿಗೆ ಎಲ್ಲರೂ ಹುರಮಂಜಿನ ಕೆಮ್ಮಣ್ಣು ಬಳಿಯುತ್ತಾರೆ. ಇವರಿಗೆ ಪೇಟೆಯ ಕೆಂಪೇ ಬೇಕಾಗಿತ್ತು. ಚಿತ್ರದ ಸೆರಗಿಗೆಂದು ನಾನು ತೆಗೆದಿಟ್ಟ ಡಬ್ಬಿಯನ್ನು ಕಿಟಕಿಯಿಂದ ನೋಡಿದ್ದರಂತೆ.

"ಮುನ್ಶಿಯವರ, ನಿಮಗ ಮಧ್ಯಾನದ ಮ್ಯಾಲ ಕೆಲಸ ಇರಂಗಿಲ್ಲಲ್ರಿ," ಎಂದರು.

ಇಲ್ಲ ಎನ್ನಲು ಬಾಯಿ ಬರಲಿಲ್ಲ. ನಾಲ್ಕು ಕೊಂಬಿಗೂ ಬಳಿದೆ. ಎತ್ತುಗಳು ತಲೆ ಕೊಡವಿದ್ದರಿಂದ ನನ್ನ ಧೋತರಕ್ಕೂ ಹಬ್ಬವಾಯಿತು. ಡಬ್ಬಿಯ ತಳದಲ್ಲಿ ಉಳಿದದ್ದು ಅವಳ ಹಣೆಯ ಕುಂಕುಮಕ್ಕೆ ಸಾಕಾಯಿತು, ಸೆರಗಿಗೆ ಸಾಲಲಿಲ್ಲ.

ಮರುದಿನ ಎತ್ತುಗಳನ್ನು ಮೆರೆಸುವಾಗ ಊರೆಲ್ಲ ಆ ಕೊಂಬುಗಳನ್ನೇ ಹೊಗಳಿತು. ಯಾರ ಕೈಕೆಲಸ ಎಂದು ಯಾರೋ ಕೇಳಿದರು. ನಾನು ಪಕ್ಕದಲ್ಲೇ ನಿಂತಿದ್ದೆ.

"ಯಾರದಂತ ಹೇಳೂದ್ರಿ," ಎಂದರು ಗೌಡರು. "ಖಾಲಿ ಕುಂತಿದ್ರು ಒಬ್ರು."

೨. ಮೂಗು

ಕಣ್ಣು ನೆನಪಿತ್ತು, ಹಣೆ ನೆನಪಿತ್ತು. ಮೂಗು ಮಾತ್ರ ಕೈಗೆ ಹತ್ತುತ್ತಿರಲಿಲ್ಲ. ಅವಳ ತಂಗಿಗೂ ಅದೇ ಮೂಗು ಎಂದು ಎಲ್ಲರೂ ಹೇಳುತ್ತಿದ್ದರು. ರಜೆ ಹಾಕಿ ಜೇವರ್ಗಿಗೆ, ಮಾವನ ಮನೆಗೆ ಹೋದೆ.

ನಾನು ಹೆಚ್ಚು ಮಾತಿನವನಲ್ಲ. ಯಾಕೆ ಬಂದೆನೆಂದು ಹೇಳಲಿಲ್ಲ. ಪಡಸಾಲೆಯಲ್ಲಿ ಕುಳಿತು, ಆ ಹುಡುಗಿ ರೊಟ್ಟಿ ಬಡಿಯುವುದನ್ನು ನೋಡಿದೆ. ಎರಡನೆಯ ದಿನವೂ ನೋಡಿದೆ. ಮೂರನೆಯ ದಿನ ಅವಳು ಹೊಸ ಸೀರೆ ಉಟ್ಟು ರೊಟ್ಟಿ ಬಡಿದಳು. ಸಂಜೆ ನಾಲ್ವರು ಹಿರಿಯರು ಬಂದು ಜಮಖಾನದ ಮೇಲೆ ಕುಳಿತರು. ಅಕ್ಕ ತೀರಿದ ಮನೆಗೆ ತಂಗಿಯನ್ನು ಕೊಡುವುದು ನಮ್ಮ ಕಡೆಯ ರೂಢಿ ಎಂಬುದು ನನಗೆ ಹೊಳೆದದ್ದು ಆಗಲೇ.

ಹೆಣ್ಣು ಮನಸ್ಸಿಗೆ ಬಂತೇ ಎಂದು ಅವರು ಕೇಳಿದರು. ಚಿತ್ರದ ವಿಷಯ ಹೇಳಿದೆ. ನೋಡಲು ಬಂದದ್ದು ಮೂಗನ್ನು ಮಾತ್ರ ಎಂದೆ. ಹಿರಿಯರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಅಡುಗೆಮನೆಯಲ್ಲಿ ರೊಟ್ಟಿಯ ಸಪ್ಪಳ ನಿಂತಿತು.

ಮಾವ ಹೇಳಿದರು: "ಹಿಂದ ಬಂದಾವ್ರು ಪೂರಾ ಹೆಣ್ಣು ನೋಡಿ ಒಲ್ಲೆ ಅಂದ್ರು. ಮೂಗಷ್ಟ ನೋಡಿ ಒಲ್ಲೆ ಅಂದಾವ್ರು ನೀವ ಮೊದಲಿಗರು."

೩. ಕೌದಿ

ಮುಖದ ಗೆರೆ ಮುಗಿಯಿತು. ಇನ್ನು ಸೀರೆ. ಅವಳು ಹಬ್ಬಕ್ಕೆ ಉಡುತ್ತಿದ್ದ ಹಸಿರು ಇಳಕಲ್ ಸೀರೆಯನ್ನು ಅಫಜಲಪುರದಲ್ಲಿರುವ ನನ್ನ ಅಕ್ಕನ ಮನೆಯಲ್ಲಿ ಇಟ್ಟಿದ್ದೆ. ಅದು ಯಾವ ಹಸಿರು? ಎಳೆ ಜೋಳದ್ದೋ, ಬಲಿತ ತೊಗರಿಯದ್ದೋ? ನೋಡಿಕೊಂಡೇ ಬಣ್ಣ ತರಿಸೋಣವೆಂದು ಹೋದೆ.

ಸೀರೆ ಎಲ್ಲಿ ಎಂದು ಕೇಳಿದ್ದಕ್ಕೆ ಅಕ್ಕ ಒಳಗಿನಿಂದ ಒಂದು ಕೌದಿ ತಂದು ಹಾಸಿದಳು. ನಮ್ಮ ಅವ್ವನ ಸೀರೆ, ಭಾವನ ಹಳೆಯ ರುಮಾಲು, ನನ್ನ ಹರಿದ ಅಂಗಿ ಎಲ್ಲ ತುಂಡುತುಂಡಾಗಿ ಅದರಲ್ಲಿ ಸೇರಿದ್ದವು. ನಟ್ಟನಡುವೆ ಹಸಿರು, ನಾಲ್ಕು ಚೌಕ. ಹೊಲಿಗೆ ಇರುವೆಯ ಸಾಲಿನಂತಿತ್ತು. ನಿಜ ಹೇಳಬೇಕೆಂದರೆ ನನ್ನ ಚಿತ್ರಕ್ಕಿಂತ ಅದೇ ಚೆನ್ನಾಗಿತ್ತು.

ಕೇಳದೆ ಯಾಕೆ ಕತ್ತರಿಸಿದೆ ಎಂದೆ. ನನ್ನ ದನಿ ಸ್ವಲ್ಪ ಏರಿರಬೇಕು.

"ತಮ್ಮಾ," ಎಂದಳು ಅಕ್ಕ, "ನೀ ಎರಡು ವರ್ಷದಿಂದ ಅಕೀದು ಮೂಗು ಮಾಡಾಕತ್ತೀದಿ. ನಾ ಎಂಟು ದಿನದಾಗ ಮುಗಿಸಿ, ಅಕೀನ್ನ ಹೊಚಗೊಂಡು ಮಲಗಾಕತ್ತೇನಿ."

೪. ಮೂರರಲ್ಲಿ ಎರಡು

ಕೌದಿಯ ಹಸಿರು ಚೌಕದಿಂದ ಒಂದು ಎಳೆ ಕಿತ್ತುಕೊಂಡು ಬಂದೆ. ಅದನ್ನು ಸೊಲ್ಲಾಪುರಕ್ಕೆ ಹೋಗುವ ಗಾಡಿಯವನ ಕೈಗೆ ಕೊಟ್ಟು, ಇದೇ ಹಸಿರು ಬೇಕೆಂದೆ. ಜೊತೆಗೆ ಕಣ್ಣಿಗೆ ಬಿಳಿ, ಕೆನ್ನೆಗೆ ತುಸು ಕೇಸರಿ.

ಗಡಿಯ ಆಚೆ ಆಗ ಹೊಸ ಸರ್ಕಾರ, ಈಚೆ ಹಳೆಯದು. ಆಚೆಯ ಮೂರು ಬಣ್ಣದ ಬಾವುಟವನ್ನು ಈಚೆ ಹಾರಿಸಿದವರು ಜೈಲಿನಲ್ಲಿದ್ದರು. ಗಾಡಿಯವನು ತಂದ ನನ್ನ ಗಂಟು ನನ್ನದೇ ನಾಕಾದಲ್ಲಿ ಬಿಚ್ಚಿತು. ನನ್ನ ಮೇಲಧಿಕಾರಿ ಅಮೀನಸಾಹೇಬರು ಮೂರು ಡಬ್ಬಿಗಳನ್ನು ಮೇಜಿನ ಮೇಲೆ ಸಾಲಾಗಿ ಇಟ್ಟು ಹಿಂದೆ ಸರಿದರು.

"ಮುನ್ಶೀಜಿ, ಇದು ಬಣ್ಣ ಅಲ್ಲ. ಝಂಡಾ."

ಹಸಿರು ಹೆಂಡತಿಯ ಸೀರೆಗೆ ಎಂದು ಹೇಳಿದೆ. ಅವರಿಗೆ ನನ್ನ ಸಂಗತಿ ಗೊತ್ತಿತ್ತು. ಒಳ್ಳೆಯ ಮನುಷ್ಯ, ಆದರೆ ಐದು ಮಕ್ಕಳ ತಂದೆ. ಕೊನೆಗೆ ಅವರೇ ಒಂದು ಕಾನೂನು ಹುಡುಕಿದರು: ಯಾವ ಎರಡು ಬಣ್ಣವಾದರೂ ಒಯ್ಯಬಹುದು, ಮೂರು ಕೂಡಬಾರದು.

ಕಣ್ಣು ಬಿಡಲಾಗಲಿಲ್ಲ, ಕೆನ್ನೆ ಬಿಡಲಾಗಲಿಲ್ಲ. ಹಸಿರು ಬಿಟ್ಟೆ. ಜಪ್ತಿಯ ಪಟ್ಟಿ ಬರೆಯಬೇಕಾದ ಮುನ್ಶಿಯೂ ನಾನೇ. ಒಂದು ಡಬ್ಬಿ ಹಸಿರು, ಸಂಶಯಾಸ್ಪದ, ಎಂದು ಬರೆದು ಕಪಾಟಿನಲ್ಲಿಟ್ಟು ಕೀಲಿ ಹಾಕಿದೆ.

ಅಮೀನರು ನನ್ನ ಹೆಗಲ ಮೇಲೆ ಕೈಯಿಟ್ಟು ಸಮಾಧಾನ ಹೇಳಿದರು: "ಸೀರಿ ಆಮ್ಯಾಲ ಕೊಡಸಬಹುದು, ಮುನ್ಶೀಜಿ. ನಾವೆಲ್ಲಾ ಗಂಡಂದಿರು ಹಂಗೇ ಹೇಳ್ತೇವಿ."

೫. ಕಂಬ

ಮುಂದೆ ಆಚೆಯ ಸರ್ಕಾರದ ಸೈನ್ಯ ಬಂತು. ನಾಕಾ ಮುಚ್ಚಿತು, ಕಪಾಟು ತೆರೆಯಿತು. ಹಸಿರು ಡಬ್ಬಿ ಮನೆಗೆ ತಂದೆ. ನೌಕರಿ ಹೋದದ್ದರಿಂದ ಈಗ ಇಡೀ ದಿನವೂ ನನ್ನದು. ಮೂರು ಬಣ್ಣವೂ ಮೊದಲ ಸಲ ಒಂದೇ ಕಟ್ಟೆಯ ಮೇಲೆ ಕೂಡಿದವು. ಸೀರೆಗೆ ಕುಂಚ ಅದ್ದಿದ್ದೆ. ಅಷ್ಟರಲ್ಲಿ ಓಣಿಯ ಹಿರಿಯರು ಬಂದರು.

ಸಂಜೆ ಚಾವಡಿಯ ಮುಂದೆ ಬಾವುಟ ಏರಿಸಬೇಕು, ಅಂಗಡಿಗಳು ಮುಚ್ಚಿವೆ, ಊರಿನಲ್ಲಿ ಈ ಮೂರು ಬಣ್ಣ ಇರುವುದು ನಿಮ್ಮೊಬ್ಬರ ಮನೆಯಲ್ಲಿ ಎಂದರು. ಬಟ್ಟೆ ಎಲ್ಲಿದೆ ಎಂದೆ. ಅವರು ಚೌಕಟ್ಟಿಗೆ ಬಿಗಿದ ನನ್ನ ಚಿತ್ರವನ್ನು ತಿರುಗಿಸಿ ನೋಡಿದರು.

"ಹಿಂದಿನ ಬದಿ ಖಾಲೀನ ಅದಲ್ರಿ," ಎಂದರು. ಮೂರು ದಿನಕ್ಕೆ ತಿರುಗಿ ಕೊಡುವುದಾಗಿ ಮಾತೂ ಕೊಟ್ಟರು.

ಅಂಥ ದಿನ ಒಲ್ಲೆ ಎನ್ನುವುದು ಹೇಗೆ? ಬರೆದೆ. ನಡುವಿನ ಚಕ್ರ ಹೇಗಿರುತ್ತದೆ ಎಂದು ಯಾರಿಗೂ ಸರಿಯಾಗಿ ಗೊತ್ತಿರಲಿಲ್ಲ. ಬಡಿಗನನ್ನು ಕರೆಸಿದರು. ಅವನು ತನಗೆ ಗೊತ್ತಿದ್ದ ಬಂಡಿಯ ಗಾಲಿ ಹೇಳಿದ, ಬಟ್ಟೆಗೆ ಹಾಕುವ ನೀಲಿಯಿಂದ ಅದನ್ನೇ ಬರೆದೆ. ಹಸಿರು ಅಲ್ಲಿಗೆ ಮುಗಿಯಿತು.

ಎರಡೂ ಕಡೆ ಬಣ್ಣ ಕುಡಿದ ಬಟ್ಟೆ ಹಾರುತ್ತದೆಯೇ? ಹಾರಲಿಲ್ಲ. ಹಲಗೆಯಂತೆ ಸೆಟೆದು, ಗಾಳಿ ಬಂದಾಗಲೆಲ್ಲ ಬಾಗಿಲಿನಂತೆ ತಿರುಗುತ್ತಿತ್ತು. ಒಮ್ಮೆ ಬಾವುಟ, ಒಮ್ಮೆ ಕುಂಕುಮವಿಟ್ಟ ಹೆಣ್ಣಿನ ಮುಖ. ಜನ ಒಂದು ಗಳಿಗೆ ದಂಗಾದರು. ಯಾರೋ ದೇಶದ ತಾಯಿ ಎಂದರು. ಎಲ್ಲರೂ ಕೈ ಮುಗಿದರು.

ರಸ್ತೆ ತೆರೆದಿದೆಯೆಂದು ಅತ್ತೆ ಅಂದೇ ಜೇವರ್ಗಿಯಿಂದ ನನ್ನನ್ನು ನೋಡಲು ಬಂದಿದ್ದರು. ಹಣೆಗೆ ಕೈ ಅಡ್ಡ ಹಿಡಿದು ಮೇಲೆ ನೋಡಿದರು. ಮುಖ ಎರಡು ಸಲ ತಿರುಗಿ ಬಂದ ಮೇಲೆ ಕೇಳಿದರು:

"ನಮ್ಮಕೀನ ಅಲ್ಲೇನ್ರಿ ಅಳಿಯಂದ್ರ?"

ಹೌದೆಂದೆ.

"ಇಳಸ್ರಿ. ಮಾಳಗಿ ಮ್ಯಾಲ ಸಂಡಿಗಿ ಹಾಕಾಕ ಹತ್ತಂದ್ರ ಕಾಲು ನಡಗ್ತಿದ್ವು ಅಕೀವು."

ಹೋಗಿ ಹಿರಿಯರನ್ನು ಕೇಳಿದೆ. ಜನ ಕೈ ಮುಗಿದದ್ದನ್ನು ಇನ್ನು ಇಳಿಸಲು ಬರುವುದಿಲ್ಲ ಎಂದರು. ಮೂರು ದಿನದ ಮಾತು ಎತ್ತಿದೆ. ಆಗ ಅದು ಬಟ್ಟೆಯಾಗಿತ್ತು ಎಂದರು.

ಬಂದು ಅತ್ತೆಗೆ ಹೇಳಿದೆ. ಅವರು ತಲೆಯ ಮೇಲೆ ಸೆರಗು ಎಳೆದುಕೊಂಡು, ಜನರ ನಡುವೆ ದಾರಿ ಮಾಡಿಕೊಂಡು ಕಂಬದ ಬುಡಕ್ಕೆ ಹೋದರು. ಮುಖ ಈ ಕಡೆ ತಿರುಗುವವರೆಗೆ ಕಾದು, ಮೇಲೆ ನೋಡಿ ಗಟ್ಟಿಯಾಗಿ ಹೇಳಿದರು:

"ಕೆಳಗ ನೋಡಬ್ಯಾಡವ್ವಾ. ಕಂಬ ಗಟ್ಟಿ ಹಿಡಕೊಂಡು ನಿಂದ್ರು."