ಹೆಸರು ನೆನೆಸಿದ್ದು

ಆರೋಗ್ಯದ ವಿಷಯದಲ್ಲಿ ನಾನು ಯಾರು ಏನು ಹೇಳಿದರೂ ಕೇಳುವ ಮನುಷ್ಯ. ಕಷ್ಟವೆಂದರೆ, ಎಲ್ಲರೂ ಹೇಳುತ್ತಾರೆ. ಬೆಳಗ್ಗೆ ಇಡ್ಲಿ ಕಡಿಮೆ ಮಾಡಿ, ಪ್ರೊಟೀನ್ ತಿನ್ನಿ ಎಂದರು ಡಾಕ್ಟರು. ಪ್ರೊಟೀನ್ ಬೇಕಿದ್ದರೆ ಪ್ಯಾನ್‌ಕೇಕ್ ಮಾಡಿ ಎಂದಿತು ಮೊಬೈಲು. ಈ ಪ್ಯಾನ್‌ಕೇಕ್ ಎನ್ನುವುದು ದೋಸೆಯ ಜಾತಿಯೋ ಕೇಕಿನ ಜಾತಿಯೋ ಎಂದು ಮಾತ್ರ ಯಾರೂ ಹೇಳಲಿಲ್ಲ. ಆದರೂ ಹೆಂಡತಿ ಸುಮಿತ್ರಾಳ ಮುಂದೆ ಎದೆಯುಬ್ಬಿಸಿ, “ಇನ್ಮೇಲೆ ಭಾನುವಾರದ ತಿಂಡಿ ನಂದು. ನೀನು ಎಂಟು ಗಂಟೆ ತನಕ ಮಲಗು” ಎಂದುಬಿಟ್ಟೆ. ಇಪ್ಪತ್ತೆರಡು ವರ್ಷದಿಂದ ಐದೂವರೆಗೆ ಏಳುತ್ತಿರುವ ಅವಳು, “ನಿಜವಾಗ್ಲೂನಾ?” ಎಂದಳು. ಆ ದನಿಯಲ್ಲಿದ್ದ ಆಸೆ ಕೇಳಿ ನನಗೆ ನಾಚಿಕೆಯಾಯಿತು.

ಮೊದಲ ಭಾನುವಾರ, ಗಾಂಧಿಪುರಂ ಪೇಟೆಯಿಂದ ತಂದ ಪ್ರೊಟೀನ್ ಪುಡಿಗೆ ಓಟ್ಸು, ಬಾಳೆಹಣ್ಣು ಸೇರಿಸಿ ಕಲಸಿದೆ. (ಪುಡಿ ಕೊಟ್ಟ ಅಂಗಡಿಯವನು “ಜಿಮ್ಮುಕ್ಕಾ ಸಾರ್?”, ಜಿಮ್ಮಿಗಾ ಎಂದು ತಮಿಳಿನಲ್ಲಿ ಕೇಳಿ ನನ್ನ ಹೊಟ್ಟೆಯನ್ನು ನೋಡಿದ್ದು ಬೇರೆ ಕಥೆ.) ಕಾವಲಿಯ ಮೇಲೆ ಹೊಯ್ದದ್ದು ಹೊರಗೆ ಕಪ್ಪಾಯಿತು, ಒಳಗೆ ಹಸಿಯಾಗಿಯೇ ಉಳಿಯಿತು. ಮಗುಚಿದರೆ ಮುರಿಯಿತು, ಮಗುಚದಿದ್ದರೆ ಹೊಗೆಯಾಡಿತು. ಆರೂವರೆಗೇ ಸುಮಿತ್ರಾ ಕೆಮ್ಮುತ್ತ ಎದ್ದುಬಂದು ಉಪ್ಪಿಟ್ಟು ಮಾಡಿದಳು. ಒಂದು ಮಾತೂ ಬೈಯಲಿಲ್ಲ. ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು.

ನಾವು ದಾವಣಗೆರೆಯವರು. ಈ ತಮಿಳು ಸೀಮೆಯ ಪೆರಿಯನಾಯಕನಪಾಳ್ಯಂನ ಪಂಪ್ ಕಾರ್ಖಾನೆಯಲ್ಲಿ ನನಗೆ ಕೆಲಸ. ಮಹಡಿಯ ಮೇಲಿರುವ ಮನೆ ಓನರ್ ಅಮ್ಮ ತಲೆಮಾರುಗಳಿಂದ ಇಲ್ಲೇ ನೇಯ್ಗೆ ಮಾಡಿಕೊಂಡು ಬಂದ ಕನ್ನಡ ಮನೆತನದವರು. ಮುಂದಿನ ಶನಿವಾರ ಸಂಜೆ ಮೆಟ್ಟಿಲ ಹತ್ತಿರ ಸಿಕ್ಕಿ, “ಏನುಂಗೆ ಸಾರ್, ಹೋದ ವಾರ ಟಯರ್ ಸುಟ್ರಾ?” ಎಂದರು. ನನ್ನ ಪಾಡು ಹೇಳಿಕೊಂಡೆ.

“ಪ್ರೊಟೀನ್ ತಾನೆ? ಅದುಕ್ಕೆ ಪುಡಿಗಿಡಿ ಎಲ್ಲಾ ಯಾಕೆ? ರಾತ್ರೆ ಚುಮ್ಮಾ, ಸುಮ್ನೆ ಹೆಸರು ನೆನೆಸಿ ಮಲ್ಕೊಳಿ. ಇಬ್ಬರಿಗೆ ಆಗೋವಷ್ಟು ಸಾಕು. ಮಿಕ್ಕಿದ್ದು ಬೆಳಗ್ಗೆ ನಾನೇ ಬಂದು ಹೇಳ್ತೀನಿ.”

“ಒಂದು ಚೀಟೀಲಿ ಬರೆದು ಕೊಡ್ತೀರಾ?”

“ಬರಿಯಕ್ಕೆ ನಂಗೆ ತಮಿಳು ತಾನೆ ಬರೋದು! ಕನ್ನಡ ಬಾಯಲ್ಲಿ ಮಾತ್ರ.”

ನಾನು ಗೊಂದಲದಲ್ಲಿ ಬಿದ್ದೆ. ಪ್ಯಾನ್‌ಕೇಕ್‌ಗೂ ನಾಮಸ್ಮರಣೆಗೂ ಏನು ಸಂಬಂಧ? ಆದರೆ ಆಕೆ ದಿನಕ್ಕೆರಡು ಸಲ ದೇವಸ್ಥಾನಕ್ಕೆ ಹೋಗಿಬರುವವರು, ಸುಮ್ಮನೆ ಹೇಳುವವರಲ್ಲ. ಯಾವ ದೇವರು ಎಂದು ಕೇಳುವುದನ್ನೂ ಮರೆತಿದ್ದೆ. ನಮ್ಮ ಮನೆದೇವರು ಆಂಜನೇಯ. ಇರಲಿ, ಹೇಗೂ ಗಟ್ಟಿಮುಟ್ಟಾದವನು, ಪ್ರೊಟೀನಿಗೆ ಸರಿಹೋಗುತ್ತಾನೆ ಎಂದುಕೊಂಡೆ. ಇಬ್ಬರಿಗೆ ಆಗುವಷ್ಟು ಎಂದಿದ್ದರಲ್ಲ, ನನ್ನ ಪಾಲಿಗೆ ಐವತ್ತನಾಲ್ಕು, ಸುಮಿತ್ರಾಳ ಪಾಲಿಗೆ ಐವತ್ತನಾಲ್ಕು ಎಂದು ಹಂಚಿ, ಬೆರಳೆಣಿಸಿ ಮಲಗಿದೆ.

ಬೆಳಗ್ಗೆ ಏಳಕ್ಕೆ ಅಮ್ಮ ಬಂದರು. “ನೆನೆಸಿದ್ರಾ?”

“ನೆನೆಸಿದೆ ಅಮ್ಮಾ. ನೂರೆಂಟು.”

“ನೂರೆಂಟು ಕಾಳಾ? ಅಯ್ಯೋ, ಅದು ಯಾರ ಹಲ್ಲಿಗೆ ಸಾಕು! ಎಲ್ಲಿ, ತೋರ್ಸಿ.”

ನಾನು ಎದೆ ಮುಟ್ಟಿ ತೋರಿಸಿದೆ.

ಅವರು ನನ್ನ ಎದೆ ನೋಡಿದರು, ಮುಖ ನೋಡಿದರು, ಖಾಲಿ ಪಾತ್ರೆ ನೋಡಿದರು. ಆಮೇಲೆ ಗೋಡೆ ಹಿಡಿದುಕೊಂಡು ನಗತೊಡಗಿದರು. “ಕಡವುಳೇ! ಹೆಸರುಕಾಳು ಸಾಮೀ! ಪಚ್ಚೈ ಪಯರು! ನೀರಲ್ಲಿ ನೆನೆಸೋದು!”

“ಮೆಲ್ಲಗೆ, ಅವಳು ಏಳ್ತಾಳೆ!” ಎಂದು ಕೈಮುಗಿದೆ. ಅವರು ಸೆರಗಿನಿಂದ ಬಾಯಿ ಮುಚ್ಚಿಕೊಂಡೇ ಮೇಲೆ ಹೋಗಿ, ತಮ್ಮ ಮನೆಗೆಂದು ನೆನೆಸಿ, ಶುಂಠಿ ಹಸಿಮೆಣಸು ಹಾಕಿ ರುಬ್ಬಿದ್ದ ಹಿಟ್ಟನ್ನು ತಂದುಕೊಟ್ಟರು. ನಾನು ದಪ್ಪಗೆ ಹೊಯ್ದೆ. ಮುರಿಯದೆ ಎದ್ದಿತು! ಖುಷಿಗೆ ಕುಣಿಯುವುದೊಂದು ಬಾಕಿ.

ಸುಮಿತ್ರಾ ಎದ್ದಾಗ ಎಂಟೂಕಾಲು. ಕಣ್ಣುಜ್ಜಿಕೊಳ್ಳುತ್ತ ಮೂರು ತಿಂದಳು. ಸತ್ಯ ಹೇಳದಿದ್ದರೆ ನನಗೇ ಜೀರ್ಣವಾಗುವುದಿಲ್ಲವೆಂದು ಎಲ್ಲವನ್ನೂ ಹೇಳಿದೆ. ಕಣ್ಣಲ್ಲಿ ನೀರು ಬರುವಂತೆ ನಕ್ಕಳು.

“ಅಲ್ರೀ, ಹನುಮಪ್ಪನ ಹೆಸರು ನೂರೆಂಟು ಸಲ ನೆನೆಸಿದ್ರಿ, ಸರಿ. ನಮ್ಮ ಮಾನ ಉಳಿಸಿದವರ ಮನೇಲಿ ಮೂರು ವರ್ಷದಿಂದ ಇದೀವಲ್ಲ, ಆ ಅಮ್ಮನ ಹೆಸರೇನು ಹೇಳಿ ನೋಡೋಣ?”

ಮೂರು ವರ್ಷದಿಂದ ಅಮ್ಮಾ, ಅಮ್ಮಾ ಎಂದೇ ಕರೆದಿದ್ದೆ. ತಟ್ಟೆ ನೋಡಿದೆ, ಕಾವಲಿ ನೋಡಿದೆ.

“ಈಗ ಅವಸರ ಮಾಡಬೇಡ” ಎಂದೆ. “ರಾತ್ರಿ ನೆನೆಸಿ, ಬೆಳಗ್ಗೆ ಹೇಳ್ತೀನಿ.”