ರೊಟ್ಟಿ ಕೊಟ್ಟ ತಂದೂರು

ಒಯ್ನಿಸಾಳ ಬಿಳಿ ಚಪ್ಪಲಿಗೆ ಕಡಲೆಕಾಳಿನಷ್ಟು ಮಣ್ಣು ಮೆತ್ತಿಕೊಂಡದ್ದೇ ಎಲ್ಲಕ್ಕೂ ಮೂಲ. ಬೇರೆ ಯಾರಾದರೂ ಆಗಿದ್ದರೆ ಒರೆಸಿಕೊಂಡು ಹೋಗುತ್ತಿದ್ದರು. ಆದರೆ ಒಯ್ನಿಸಾ ಆ ನಾಲ್ಕು ಮಹಡಿಯ ಕಟ್ಟಡದ ಅಧ್ಯಕ್ಷೆ, ಎಲ್ಲರಿಗೂ ‘ಓಪಾ’, ಅಂದರೆ ಅಕ್ಕ. ಬೆಳಗಿನ ಚಹಾ ಮುಗಿಯುವಷ್ಟರಲ್ಲಿ ಅಂಗಳದ ಮೂಲೆಯಲ್ಲಿದ್ದ ಹೊಸ ತಂದೂರು ಒಲೆಯ ಮೇಲೆ ಅವಳ ಚೀಟಿ ಅಂಟಿತ್ತು: ‘ಮಧ್ಯಾಹ್ನದೊಳಗೆ ಈ ಕಸ ತೆಗೆಯದಿದ್ದರೆ ಟ್ರ್ಯಾಕ್ಟರ್ ಬರುತ್ತದೆ.’

ಕಸ! ತಂದೂರು ಕಟ್ಟುವ ಕಸುಬಿನಲ್ಲಿ ಪಳಗಿ ‘ಉಸ್ತಾ’ ಎನಿಸಿಕೊಂಡ ಹೋಲ್ಮತ್ ಚೀಟಿಯನ್ನು ಮೂರು ಸಲ ಓದಿದ. ಅವನು ಮೂವತ್ತು ವರ್ಷ ತಂದೂರು ಕಟ್ಟುತ್ತಿದ್ದ ಕೊಟ್ಟಿಗೆ, ಮನೆಯ ಸಮೇತ, ಕಳೆದ ವರ್ಷ ರಸ್ತೆ ಅಗಲವಾದಾಗ ನೆಲಸಮವಾಗಿತ್ತು. ಬದಲಿಗೆ ಸಿಕ್ಕಿದ್ದು ಮೂರನೇ ಮಹಡಿಯ ಮನೆ. ಅಲ್ಲಿ ತುಳಿಯಲು ಮಣ್ಣೆಲ್ಲಿಂದ ಬರಬೇಕು? ಕೈ ಸುಮ್ಮನಿರದೆ, ಹೆಂಡತಿ ನಾದಿಟ್ಟ ಹಿಟ್ಟಿನಲ್ಲೇ ಪುಟ್ಟ ಒಲೆ ಎಬ್ಬಿಸಿ ಬೈಸಿಕೊಂಡಿದ್ದ. ಕಡೆಗೆ ಕಾರ್ ಶೆಡ್ಡುಗಳ ಹಿಂದೆ ನಾಲ್ಕು ಹೆಜ್ಜೆ ಜಾಗ ಕಣ್ಣಿಗೆ ಬಿತ್ತು. ಅಲ್ಲಿ ಕುರಿಯುಣ್ಣೆ ಬೆರೆಸಿ ಮಣ್ಣು ತುಳಿದು ಈ ತಂದೂರು ಕಟ್ಟಿದ. ಚಹಾ ಅಂಗಡಿಯ ಎರ್ಗಶ್ ಅಂದು ಸಂಜೆ ಅದನ್ನು ಒಯ್ಯಲು ಬರುವವನಿದ್ದ. ಅವನಿಗೆ ಹಿಡಿಸಿದರೆ ಉಳಿದ ಮೂರು ಅಂಗಡಿಗಳಿಗೂ ಹೋಲ್ಮತನ ತಂದೂರೇ. ಆ ಮೂಲೆ ಉಳಿದರೆ ಅವನು ಮತ್ತೆ ಉಸ್ತಾ, ಹೋದರೆ ಮೂರನೇ ಮಹಡಿಯ ಮುದುಕ.

“ಇಷ್ಟಕ್ಕೆಲ್ಲ ಯಾಕ್ರೀ ಉಸ್ತಾ ಒದ್ದಾಡ್ತೀರಿ?” ಎಂದರು ಕೆಳಮನೆಯ ಸೋಬಿರ್ ಮೇಷ್ಟ್ರು. ಭೂಗೋಳ ಪಾಠ ಮಾಡಿ ನಿವೃತ್ತರಾದ ಮೇಲೆ ಕೇಳದವರಿಗೂ ಸಲಹೆ ಕೊಡುವುದೇ ಅವರ ಕಸುಬು. “ಒಂದ್ಸಲ ಅದ್ರಲ್ಲಿ ರೊಟ್ಟಿ ಸುಟ್ಬಿಡಿ. ರೊಟ್ಟಿ ಕೊಟ್ಟ ತಂದೂರಿಗೆ ಕೈ ಹಚ್ಚೋ ಗಂಡು ಈ ಕೋಕಂದ್‌ನಲ್ಲಿ ಹುಟ್ಟಿದಾನಾ?”

“ಸಂಜೆ ಎರ್ಗಶ್ ತಗೊಂಡ್ಹೋಗ್ಬೇಕಲ್ಲ ಮೇಷ್ಟ್ರೇ?”

“ಮೊದ್ಲು ಮಧ್ಯಾಹ್ನ ದಾಟ್ಸಿ. ಸಂಜೇದು ಸಂಜೆಗೆ!”

ಹೋಲ್ಮತ್ ಒಲೆಯೊಳಗೆ ಹತ್ತಿಬೀಜದ ಎಣ್ಣೆ ಸವರಿ, ಒಣಗಿದ ಹತ್ತಿಕಡ್ಡಿ ತುಂಬಿ ಬೆಂಕಿ ಹಚ್ಚಿದ. ಹೊಗೆ ನೆಟ್ಟಗೆ ಎರಡನೇ ಮಹಡಿಯ ಒಗೆದ ಬಟ್ಟೆಗಳ ಮೇಲೆ ಹೋಯಿತು. “ಯಾರ ಮನೆ ಸುಡ್ತಿದೀರ್ರೀ?” ಎಂದು ಹೆಂಗಸರು ಸೌಟು ಹಿಡಿದೇ ಇಳಿದು ಬಂದರು. ರೊಟ್ಟಿಯ ವಿಷಯ ಕೇಳಿದ ಕೂಡಲೇ ಮೇಲೆ ಹತ್ತಿ, ಸೌಟಿನ ಬದಲು ಹಿಟ್ಟಿನ ಪಾತ್ರೆ ಹಿಡಿದು ಇಳಿದರು.

ಮೊದಲ ರೊಟ್ಟಿ ಬೂದಿಗೆ ಬಿತ್ತು. ಎರಡನೆಯದು ಒಲೆಯ ಗೋಡೆಗೆ ಅಂಟಿ, ಅತ್ತೆಮನೆಗೆ ಬಂದ ಅಳಿಯನಂತೆ ಕದಲಲೊಲ್ಲದು. ಅದನ್ನು ಕೀಳಲು ಬಗ್ಗಿದ ಹೋಲ್ಮತನ ಒಂದು ಬದಿಯ ಹುಬ್ಬು ಸುಟ್ಟುಹೋಯಿತು. ಗಾಳಿ ವಾಯವ್ಯದ್ದೆಂದು ಲೆಕ್ಕ ಹಾಕಿ ನಿಂತ ಮೇಷ್ಟ್ರು ಹೊಗೆಯನ್ನೆಲ್ಲ ಒಬ್ಬರೇ ಕುಡಿದರು. ಮೂರನೆಯ ರೊಟ್ಟಿ ಮಾತ್ರ ಹೊಂಬಣ್ಣಕ್ಕೆ ಉಬ್ಬಿ ಬಂತು.

ಅಷ್ಟರಲ್ಲಿ ಟ್ರ್ಯಾಕ್ಟರ್ ಬಂತು, ಮುಂದೆ ಒಯ್ನಿಸಾ. ಹೋಲ್ಮತ್ ಅಡ್ಡ ನಿಂತು ಎರಡೂ ಕೈ ಚಾಚಿದ.

“ಓಪಾ, ರೊಟ್ಟಿ ಕೊಟ್ಟ ತಂದೂರಿದು! ಒಡೆದ್ರೂ ಪಾಪ, ಅಲ್ಲಾಡಿಸಿದ್ರೂ ಪಾಪ! ಏಳು ತಲೆಮಾರಿಗೆ ಅನ್ನ ಹುಟ್ಟಲ್ಲ!”

‘ಅಲ್ಲಾಡಿಸಿದ್ರೂ’ ಎಂಬುದು ಹಿರಿಯರು ಹೇಳಿದ್ದಲ್ಲ, ಮಾತಿನ ಭರದಲ್ಲಿ ಅವನೇ ಸೇರಿಸಿದ್ದು. ಆದರೂ ಟ್ರ್ಯಾಕ್ಟರಿನವನು ಎಂಜಿನ್ ಆರಿಸಿ ಟೋಪಿ ತೆಗೆದ. ಒಯ್ನಿಸಾ ರೊಟ್ಟಿಯನ್ನು ಕಣ್ಣಿಗೊತ್ತಿಕೊಂಡು ಒಂದು ತುಂಡು ಬಾಯಿಗಿಟ್ಟಳು. ಇನ್ನೊಂದು ತುಂಡು ಮುರಿದಳು. ಆಮೇಲೆ ಅದೇ ಚೀಟಿಯ ಬೆನ್ನಿಗೆ ಬರೆದಳು: ‘ಈ ತಂದೂರನ್ನು ಯಾರೂ ಮುಟ್ಟತಕ್ಕದ್ದಲ್ಲ.’

ಎಷ್ಟೋ ತಿಂಗಳಲ್ಲಿ ಮೊದಲ ಸಲ ಹೋಲ್ಮತ್ ಬಾಯ್ತುಂಬ ನಕ್ಕ.

ಸಂಜೆ ಎರ್ಗಶ್ ಲಾರಿ ತಂದಾಗ ತಂದೂರಿನ ಮುಂದೆ ಹೆಂಗಸರ ಸಾಲು ಶೆಡ್ಡಿನವರೆಗೆ ಬೆಳೆದಿತ್ತು.

“ಏಯ್, ಯಾರಪ್ಪಾ ಅದಕ್ಕೆ ಕೈ ಹಾಕ್ತಿರೋದು?” ಎಂದು ಸಾಲಿನಿಂದ ಒಬ್ಬಳು ಕೂಗಿದಳು.

“ಇದು ನಾನು ಹೇಳಿ ಕಟ್ಟಿಸಿದ್ದು ಕಣಮ್ಮಾ.”

“ಅಲ್ಲಾಡಿಸಿದ್ರೂ ಪಾಪ ಅಂತ ಉಸ್ತಾನೇ ಹೇಳಿದಾರೆ. ಬೇಕಾದ್ರೆ ಕೇಳಿ!”

ಎಲ್ಲರೂ ಹೋಲ್ಮತನ ಕಡೆ ತಿರುಗಿದರು. ಹೋಲ್ಮತ್ ಮೇಷ್ಟ್ರ ಕಡೆ ತಿರುಗಿದ. ಮೇಷ್ಟ್ರು ಗಾಳಿಯ ದಿಕ್ಕು ನೋಡುತ್ತಿದ್ದರು.

“ಹೇಳ್ದೆ... ಹೌದು,” ಎಂದ ಹೋಲ್ಮತ್.

“ಪಾಪ ಕಟ್ಕೊಂಡು ನಾನೆಲ್ಲಿ ವ್ಯಾಪಾರ ಮಾಡ್ಲಿ?” ಎಂದು ಎರ್ಗಶ್ ಲಾರಿ ಹತ್ತಿದ. ಹೋಲ್ಮತ್ ಹಿಂದೆಯೇ ಓಡಿದ. “ಇಪ್ಪತ್ತು ದಿನ ಕೊಡಪ್ಪಾ, ಇನ್ನೊಂದು ಕಟ್ಟಿಕೊಡ್ತೀನಿ!” ಎರ್ಗಶ್ ಕಿಟಕಿಯಿಂದ ಆಗಲಿ ಎಂಬಂತೆ ತಲೆಯಾಡಿಸಿದ. ಅಷ್ಟು ಸಾಕಾಯಿತು. ಹೋಲ್ಮತ್ ಷರಾಯಿ ಮಡಚಿ, ಮೂಲೆಗೆ ಮಣ್ಣು ಸುರಿದು, ನೀರು ಹನಿಸಿ, ತುಳಿಯಲು ಕಾಲೆತ್ತಿದ.

“ಉಸ್ತಾ! ಏನಿದು?” ಒಯ್ನಿಸಾ ನಿಂತಿದ್ದಳು.

“ಮುಂದಿನ ತಂದೂರಿಗೆ ಮಣ್ಣು, ಓಪಾ.”

“ರೊಟ್ಟಿ ಸುಡೋ ಜಾಗದಲ್ಲಾ? ಧೂಳು ರೊಟ್ಟಿ ಮೇಲೆ ಬಿದ್ರೆ ಪಾಪ ಯಾರಿಗೆ? ನಿಮ್ಮಂಥ ತಿಳಿದವ್ರೇ ಹೀಗೆ ಮಾಡಿದ್ರೆ ಹೇಗೆ? ಈ ಮೂಲೇಲಿ ಇನ್ಮೇಲೆ ಮಣ್ಣಿನ ಕೆಲ್ಸ ಬೇಡ.” ಹೋಲ್ಮತನ ಮುಖ ನೋಡಿ ಅವಳ ಮನಸ್ಸು ಕರಗಿರಬೇಕು, ಬಿಸಿ ರೊಟ್ಟಿಯೊಂದನ್ನು ಅವನ ಕೈಗಿಟ್ಟಳು. “ತಗೊಳ್ಳಿ, ನಿಮ್ಮ ತಂದೂರಿಂದೇ.”

ಹೋಲ್ಮತ್ ಒಂದು ಚೂರು ಮುರಿದು ತಿಂದ. ಎಷ್ಟು ಹದವಾಗಿ ಬೆಂದಿತ್ತೆಂದರೆ ಅವನಿಗೆ ಅಳು ಬಂತು. ತಾನು ಕಟ್ಟಿದ್ದರಲ್ಲೆಲ್ಲ ಇದೇ ಒಳ್ಳೆಯದು, ಬಹುಶಃ ಕೊನೆಯದೂ ಇದೇ.

ಹಿಂದಿನಿಂದ ಹೆಗಲ ಮೇಲೆ ಕೈ ಬಿತ್ತು. “ಇಷ್ಟಕ್ಕೆಲ್ಲ ಯಾಕ್ರೀ ಉಸ್ತಾ ಒದ್ದಾಡ್ತೀರಿ?” ಎಂದರು ಸೋಬಿರ್ ಮೇಷ್ಟ್ರು. “ನನ್ನ ಹತ್ರ ಒಂದು ಉಪಾಯ ಇದೆ.”

ಹೋಲ್ಮತ್ ಕೈ ಎತ್ತಿದ. ಆದರೆ ಕೈಯಲ್ಲಿದ್ದದ್ದು ರೊಟ್ಟಿ. ಅದನ್ನು ಎಸೆಯುವುದೂ ಪಾಪ.