ಸರ್ವರಿನ ಹೊಸಮನೆಗೆ ಹಾಲು ಉಕ್ಕಿಸಿದ್ದು

ಕೆಡಿಸಬೇಕೆಂದೇ ಕೆಡಿಸಿದವನಿಗೆ ಕ್ಷಮೆ ಕೇಳುವುದು ಸುಲಭ; ತಪ್ಪಾಯಿತು ಅಂದರೆ ಮುಗಿಯಿತು. ಒಳ್ಳೆಯದಾಗಲಿ ಎಂದು ಹೋಗಿ ಕೆಡಿಸಿದವನ ಪಾಡು ಹಾಗಲ್ಲ. ಅವನ ಪ್ರತಿ ಕ್ಷಮೆಗೂ ಒಂದು ‘ಆದರೆ’ ಬಾಲದಂತೆ ನೇತಾಡುತ್ತಿರುತ್ತದೆ. ಈ ಸಲ ಆ ಬಾಲವನ್ನು ಕತ್ತರಿಸಿಯೇ ಬರೆಯಲು ಕುಳಿತಿದ್ದೇನೆ. ಎಷ್ಟು ಹೊತ್ತು ತಡೆದುಕೊಳ್ಳುತ್ತೇನೋ ನೋಡೋಣ.

ಹರಪನಹಳ್ಳಿಯಲ್ಲಿ ನನ್ನ ಸೊಸೆ ಸುಮಂಗಲಾ ಫೋಟೋ ಸ್ಟುಡಿಯೋ ನಡೆಸುತ್ತಾಳೆ. ಎಸ್ಸೆಸ್ಸೆಲ್ಸಿ ಪಾಸಾದ ನಾನು ಬಂದವರನ್ನು ಕೂರಿಸಿ, ಚಹಾ ತರಿಸಿ, ಕೇಳದ ಸಲಹೆ ಕೊಡುವವನು. ಒಳಕೋಣೆಯಲ್ಲಿ ಹಳೆಯ ಸರ್ವರ್ ಇತ್ತು. ಸ್ಟುಡಿಯೋದ ಕಂಪ್ಯೂಟರುಗಳಿಗೆಲ್ಲ ಹಿರಿಯಣ್ಣನಂಥ ಪೆಟ್ಟಿಗೆ ಅದು. ಬಾಗಳಿ, ಚಿಗಟೇರಿ, ತೆಲಿಗಿಯ ಮದುವೆ, ಸೀಮಂತ, ಜವಳಗಳೆಲ್ಲ ಅದರ ಹೊಟ್ಟೆಯಲ್ಲಿ. ಈಚೆಗೆ ಅದು ನನ್ನಂತೆಯೇ ಏಳುವಾಗ ನರಳುತ್ತಿತ್ತು, ನಡುನಡುವೆ ಮರೆಯುತ್ತಿತ್ತು. ವ್ಯತ್ಯಾಸವೆಂದರೆ, ಅದರ ಬದಲಿಗೆ ಹೊಸದನ್ನು ತರಬಹುದಿತ್ತು; ತಂದರು.

ಹಡಗಲಿಯಿಂದ ರೇಷ್ಮಾ ಎಂಬ ಎಂಜಿನಿಯರ್ ಬಂದಳು. ಹಳೆಯದರ ಆಪರೇಟಿಂಗ್ ಸಿಸ್ಟಂ, ಡೇಟಾ ಎಲ್ಲವನ್ನೂ ಇದ್ದದ್ದು ಇದ್ದ ಹಾಗೆ ಹೊಸ ಪೆಟ್ಟಿಗೆಗೆ ಸಾಗಿಸುವುದು ಅವಳ ಕೆಲಸ. ಎರಡಕ್ಕೂ ವೈರು ಜೋಡಿಸಿ, “ಮಧ್ಯಾಹ್ನದ ತನಕ ನಡೀತೈತ್ರಿ ಅಜ್ಜಾರ. ಅಲ್ಲೀತನಕ ಇದನ್ನ ಯಾರೂ ಮುಟ್ಟಬ್ಯಾಡ್ರಿ” ಎಂದು ಹೇಳಿ ಹೊರಗೆ ಹೋದಳು.

ನಾನು ಮುಟ್ಟಲಿಲ್ಲ. ಇದನ್ನು ಈಗಲೂ ಎದೆ ಮುಟ್ಟಿಕೊಂಡು ಹೇಳುತ್ತೇನೆ.

ನೋಡುತ್ತ ಕುಳಿತವನಿಗೆ ಒಂದು ಯೋಚನೆ ಬಂತು. ಇಷ್ಟೂ ಊರುಗಳ ಮದುಮಕ್ಕಳು ಹಳೆಮನೆ ಬಿಟ್ಟು ಹೊಸಮನೆಗೆ ಹೊರಟಿದ್ದಾರೆ, ಹಾಲು ಉಕ್ಕಿಸುವವರೇ ಇಲ್ಲವಲ್ಲ! ನನ್ನ ಹೆಂಡತಿ ಇದ್ದಾಗ ಕೊಟ್ಟೂರಿನ ಬಾಡಿಗೆ ಮನೆಗೂ ಉಕ್ಕಿಸಿದ್ದಳು. ಎಮ್ಮೆಗೆ ಹೊಸ ಕೊಟ್ಟಿಗೆ ಕಟ್ಟಿಸಿದಾಗಲೂ ಉಕ್ಕಿಸಿದ್ದಳು, ಅದೇ ಎಮ್ಮೆಯ ಹಾಲು. ಚಹಾಕ್ಕೆಂದು ಇಟ್ಟಿದ್ದ ಕರೆಂಟ್ ಒಲೆ ತಂದೆ. ಸರ್ವರುಗಳ ಯುಪಿಎಸ್ ಬೋರ್ಡಿನಲ್ಲೇ ಒಂದು ತೂತು ಖಾಲಿ ಇತ್ತು. ನನಗಾಗಿಯೇ ಬಿಟ್ಟಿದ್ದಾರೆ ಅನಿಸಿತು. ಹಾಲು ಪೂರ್ವಕ್ಕೆ ಉಕ್ಕಲೆಂದು ಪಾತ್ರೆಯನ್ನು ಒಂದಿಷ್ಟು ವಾಲಿಸಿ ಇಟ್ಟೆ. ನೊರೆ ಏರಿತು. “ಉಕ್ಕಿತು!” ಎಂದು ನಾನು ಕೂಗುವುದಕ್ಕೂ ಟಪ್ ಎನ್ನುವುದಕ್ಕೂ ಸರಿಹೋಯಿತು. ಒಲೆಯ ಭಾರ ತಾಳದೆ ಯುಪಿಎಸ್ ಒಮ್ಮೆ ಕಿರುಚಿ ಸುಮ್ಮನಾಯಿತು. ಎರಡು ಪೆಟ್ಟಿಗೆಗಳೂ ಕಣ್ಣು ಮುಚ್ಚಿದವು.

ರೇಷ್ಮಾ ಓಡಿಬಂದಳು. “ಯಾರ್ರೀ ಇಲ್ಲಿ ಒಲಿ ಹಚ್ಚಿದ್ದು?”

“ಹಾಲು ಉಕ್ಕಿಸಾಕ...”

“ಸರ್ವರ್ ಏನ್ ಹಾಲು ಕುಡೀತೈತೇನ್ರಿ ಅಜ್ಜಾರ!”

ಅವಳು ಮತ್ತೆ ಹಚ್ಚಿ ನೋಡಿದಳು. ಹೊಸದರಲ್ಲಿ ಬಂದದ್ದು ಅರೆಬರೆ. ಹಳೆಯದರ ಡಿಸ್ಕ್ ಟಕ್ ಟಕ್ ಎಂದಿತೇ ಹೊರತು ಏಳಲಿಲ್ಲ. “ಇದು ಹೋತ್ರಿ” ಎಂದಳು.

ಆಗ ಅವಳ ಹಿಂದೆ ನಿಂತಿದ್ದವನು ಬಸಣ್ಣ. ತೆಲಿಗಿಯವನು, ನನ್ನ ಹೈಸ್ಕೂಲ್ ಗೆಳೆಯ. ಮೊಮ್ಮಗಳ ಮದುವೆಯಲ್ಲಿ ಅಕ್ಷತೆ ಹಾಕುತ್ತ ಬೊಚ್ಚುಬಾಯಿ ತೆರೆದು ನಕ್ಕಿದ್ದ ಅವನ ತಾಯಿ ಕಳೆದ ತಿಂಗಳು ತೀರಿಕೊಂಡಿದ್ದರು. ಕ್ಯಾಮೆರಾ ಕಂಡರೆ ಸೆರಗು ಮರೆ ಮಾಡುತ್ತಿದ್ದ ಆ ಮುದುಕಿ ನಕ್ಕ ಫೋಟೋ ಅದೊಂದೇ. ಅದನ್ನು ದೊಡ್ಡದು ಮಾಡಿಸಲು ಬಂದಿದ್ದ.

“ಲೇ ಸಿದ್ದಾ,” ಎಂದ ಮೆಲ್ಲಗೆ, “ಮದಿವಿನಾದ್ರ ಇನ್ನೊಂದ್ಸಲ ಮಾಡಿ ಫೋಟೋ ತೆಗಸೇನು. ನಮ್ಮವ್ವನ್ನ ಎಲ್ಲಿಂದ ಕರಕಂಡು ಬರ್ಲಿ?”

ಬೈದಿದ್ದರೆ ಚೆನ್ನಾಗಿತ್ತು. ಸುರಿದ ಹಾಲನ್ನು ನನ್ನ ಟವೆಲ್ಲಿನಲ್ಲೇ ಒರೆಸುತ್ತ ಕುಳಿತೆ.

ಗದ್ದಲ ಕೇಳಿ ಒಳಬಂದ ಸುಮಂಗಲಾ ತನ್ನ ಬ್ಯಾಗಿನಿಂದ ಅಂಗೈಯಗಲದ ಡಿಸ್ಕ್ ತೆಗೆದಳು. ಹಿಂದಿನ ದಿನವೇ ಸರ್ವರಿನ ಪೂರ್ತಿ ನಕಲು ಅದರಲ್ಲಿ ಇಳಿಸಿಟ್ಟಿದ್ದಳಂತೆ. ಮೇಲೆ ಅಂಟಿಸಿದ ಚೀಟಿಯಲ್ಲಿ ‘ಮಾವ’ ಎಂದಿತ್ತು. ನನ್ನ ಮೇಲಿನ ಅಕ್ಕರೆಗೆ ಇಟ್ಟ ಹೆಸರು ಅಂದುಕೊಂಡೆ. ರೇಷ್ಮಾ ಜೋಡಿಸಿದಳು, ಸ್ವಲ್ಪ ಹೊತ್ತಿಗೆ ಪರದೆಯ ಮೇಲೆ ಬಸಣ್ಣನ ತಾಯಿ ಬೊಚ್ಚುಬಾಯಿ ತೆರೆದು ನಕ್ಕರು. ಬಸಣ್ಣ ಕಣ್ಣೊರೆಸಿಕೊಂಡು, “ಬದುಕಿದಿ ಲೇ ಮಗನ” ಎಂದ.

“ಅದಕ್ಕ ನನ್ನ ಹೆಸರಿಟ್ಟಿಯಲ್ಲವ್ವ!” ಎಂದೆ ಸೊಸೆಗೆ.

“ಕರೆಂಟ್ ಹೋದ್ರ ಯುಪಿಎಸ್ ಐತ್ರಿ ಮಾವಾರ,” ಎಂದಳು ಅವಳು ಡಿಸ್ಕ್ ಮೇಲಿನ ಚೀಟಿ ಒತ್ತಿ ಅಂಟಿಸುತ್ತ. “ನೀವು ಬಂದ್ರ ಏನೈತಿ? ಅದಕ್ಕಂತ ಇದು.”

ಯುಪಿಎಸ್ ಕಿರುಚಿದಾಗಲೂ ಬೆಚ್ಚದಷ್ಟು ಬೆಚ್ಚಿಬಿದ್ದೆ. ಗುಡುಗು ಸಿಡಿಲುಗಳ ಸಾಲಿನಲ್ಲಿ ನನ್ನನ್ನೂ ಸೇರಿಸಿ, ಮುಂಚೆಯೇ ಬಂದೋಬಸ್ತ್ ಮಾಡಿಟ್ಟಿದ್ದಳು. ಒಪ್ಪಿಕೊಳ್ಳುತ್ತೇನೆ, ತಪ್ಪು ನನ್ನದೇ. ಬಸಣ್ಣನಲ್ಲೂ ರೇಷ್ಮಾಳಲ್ಲೂ ಸೊಸೆಯಲ್ಲೂ ಕ್ಷಮೆ ಕೇಳಿದ್ದೇನೆ.

ಆದರೆ, ಹಾಲು ಉಕ್ಕಿದ್ದು ಮಾತ್ರ ಪೂರ್ವಕ್ಕೇ.